ಮೂರು ದಿನ ಗೊತ್ತಿದ್ದ ಬಿರುಕು

ಕಾಕಾನನ್ನು ನಾನು ಇನ್ನೂ ಕ್ಷಮಿಸಿಲ್ಲ. ಕ್ಷಮಿಸುವ ವಿಚಾರವೂ ಇಲ್ಲ.

ನಾನು ಅಂಗನವಾಡಿ ನಡೆಸುವವಳು, ಊರವರ ಬಾಯಲ್ಲಿ ಅಕ್ಕೋರು. ಮನೆ ಮಮದಾಪುರದಲ್ಲಿ, ಅಂಗನವಾಡಿ ಊರ ಹೊರಗಿನ ತೋಟದ ವಸ್ತಿಯಲ್ಲಿ. ಮಸಗುಪ್ಪಿಯ ನನ್ನ ಅಣ್ಣ ತನ್ನ ಮಗಳ ಹಳೆ ಸೈಕಲ್ಲನ್ನು ನನಗೆ ಕೊಟ್ಟಿದ್ದ. ಗಟ್ಟಿ ಸೈಕಲ್. ಆದರೆ ಎರಡನೇ ಮಳೆಗಾಲಕ್ಕೆ ಅದರ ಹ್ಯಾಂಡಲ್ ಕಿರುಗುಟ್ಟಲು ಶುರುವಾಯಿತು. ಪೆಡಲ್ ಒತ್ತಿದಾಗೊಮ್ಮೆ ಕಿರ್ರ್, ತಗ್ಗು ಹಾರಿದಾಗೊಮ್ಮೆ ಕಿರ್ರ್.

ಊರ ಅಗಸಿ ಬಾಗಿಲ ಬಾಜೂ ಒಂದು ಬೇವಿನ ಕಟ್ಟೆ. ಅಲ್ಲಿ ದಿನಾ ಮುಂಜಾನೆ, ಸಂಜೆ ಕೂಡುತ್ತಿದ್ದವನು ಊರೆಲ್ಲ ಕಾಕಾ ಎನ್ನುವ ಈ ಮುದುಕ. ಸೊಸೈಟಿಯಲ್ಲಿ ಗುಮಾಸ್ತನಾಗಿದ್ದು ರಿಟೈರ್ ಆದವನು. ಅಕ್ಷರ ಚಂದ, ಹಾಗಾಗಿ ಊರವರ ಅರ್ಜಿಗಳನ್ನೆಲ್ಲ ಅವನೇ ಬರೆಯುತ್ತಿದ್ದ. ನನ್ನ ಕೆಲಸಕ್ಕೆ ಅವನ ಸೊಸೆಯೂ ಅರ್ಜಿ ಹಾಕಿದ್ದಳು. ಸಿಕ್ಕಿದ್ದು ನನಗೆ. ಕುರಿ ಕಾಯುವವನ ಮಗಳು ಕುರ್ಚಿಯಲ್ಲಿ ಕೂತಳಲ್ಲ ಎಂಬುದು ಅವನ ಗಂಟಲಲ್ಲಿ ಇಳಿಯಲಿಲ್ಲ.

ನನ್ನ ಸೈಕಲ್ ಕಟ್ಟೆಯ ಹತ್ತಿರ ಬಂತೆಂದರೆ ಕಾಕಾ ಬಾಯಿಂದಲೇ ಕಿರ್ರ್ ಎನ್ನುತ್ತಿದ್ದ. ಉಳಿದವರು ನಗುತ್ತಿದ್ದರು. "ಬಂದ್ರು ನೋಡ್ರಿ ಅಕ್ಕೋರು. ಎಣ್ಣಿ ಹಾಕಾಕ ಪಗಾರ ಸಾಲವಲ್ದು" ಎನ್ನುತ್ತಿದ್ದ. ನಾನು ತಲೆ ತಗ್ಗಿಸಿ ಹೋಗುತ್ತಿದ್ದೆ. ಮುಂದೆ ವಸ್ತಿಯ ಹುಡುಗರೂ ನನ್ನನ್ನು ನೋಡಿ ಕಿರ್ರ್ ಅನ್ನತೊಡಗಿದರು.

ಅದನ್ನಾದರೂ ತಡೆದುಕೊಂಡೆ. ಆದರೆ ಒಂದು ದಿನ ಗೋಕಾಕದಿಂದ ಮೇಲ್ವಿಚಾರಕಿ ಬಂದರು. ಮಕ್ಕಳಿಗೆ ಕೊಡುವ ತತ್ತಿಗಳನ್ನು ನಾನು ಮನೆಗೆ ಒಯ್ಯುತ್ತೇನೆಂದು ಹೆಸರಿಲ್ಲದ ಅರ್ಜಿ ಬಂದಿತ್ತಂತೆ. ಅಂಗನವಾಡಿ ನೋಡಿದರು, ಆಮೇಲೆ ನನ್ನ ಮನೆಗೆ ಬಂದರು. ಅಡುಗೆಮನೆಯ ಡಬ್ಬಿ, ಗಡಿಗೆ, ಹಿಟ್ಟಿನ ಪೀಪಾಯಿ ಎಲ್ಲದರ ಮುಚ್ಚಳ ತೆಗೆಸಿದರು. ಬಾಗಿಲಲ್ಲಿ ಓಣಿಯ ಹೆಂಗಸರು ನಿಂತು ನೋಡುತ್ತಿದ್ದರು. ನನ್ನ ಅತ್ತೆ ಮೂಲೆಯಲ್ಲಿ ಕೂತು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಏನೂ ಸಿಗಲಿಲ್ಲ. ಮೇಲ್ವಿಚಾರಕಿ ಬೇಜಾರಿನಿಂದಲೇ, "ಏನ್ ಮಾಡಾಕ ಬರ್ತೈತ್ರಿ, ಅರ್ಜಿ ಬಂದ್ರ ನೋಡಬೇಕಾಕ್ಕೈತಿ" ಎಂದು ಹೋದರು. ಆ ರಾತ್ರಿ ಅತ್ತೆ ಉಣ್ಣಲಿಲ್ಲ.

ಅರ್ಜಿ ಬರೆದವರು ಯಾರೆಂದು ಗೊತ್ತಿರಲಿಲ್ಲ, ಗೊತ್ತಿಲ್ಲದವರ ಮೇಲೆ ಸಿಟ್ಟು ಹೇಗೆ ತೀರಿಸುವುದು? ಕೈಗೆ ಸಿಗುವುದು ಆ ಕಿರಿಕಿರಿ ಸಪ್ಪಳ ಒಂದೇ ಆಗಿತ್ತು. ಅದನ್ನಾದರೂ ಮುಗಿಸಬೇಕೆಂದು ರವಿವಾರ ಘಟಪ್ರಭಾಕ್ಕೆ ಹೋದೆ. ಸ್ಟೇಶನ್ ರೋಡಿನಲ್ಲಿ ಒಬ್ಬ ಮುದುಕ ಮಿಸ್ತ್ರಿಯ ಸೈಕಲ್ ಅಂಗಡಿ ಇತ್ತು.

"ರಿಪೇರಿ ಬ್ಯಾಡ್ರಿ, ನನಗ ಕಲಸ್ರಿ" ಎಂದೆ.

ಅವನು ನನ್ನ ಮುಖ ನೋಡಿದ. ಬೋಲ್ಟ್ ತಿರುವುವ ಪಾನಾ ಕೈಗೆ ಕೊಟ್ಟ. ಮುಂದಿನ ಗಾಲಿಯನ್ನು ಮೊಣಕಾಲುಗಳ ನಡುವೆ ಒತ್ತಿ ಹಿಡಿದು ಹ್ಯಾಂಡಲ್ ತಿರುವಲು ಹೇಳಿದ. ಕಿರ್ರ್ ಎಂದಿತು. ಸಪ್ಪಳ ಚೈನಿನದಲ್ಲ, ಸೀಟಿನದಲ್ಲ, ಹ್ಯಾಂಡಲಿನ ಕೆಳಗೆ ಸೈಕಲ್ಲಿನ ಕತ್ತಿನೊಳಗೆ ಇಳಿಯುವ ಕೊಳವೆಯದು ಎಂದು ಹೀಗೆ ಗೊತ್ತಾಯಿತು. ಮೇಲಿನ ಉದ್ದ ಬೋಲ್ಟನ್ನು ನಾಲ್ಕು ಸುತ್ತು ಸಡಿಲಿಸಿದೆ. ಅದರ ತಲೆಯ ಮೇಲೆ ಕಟ್ಟಿಗೆಯ ತುಂಡಿಟ್ಟು ಸುತ್ತಿಗೆಯಿಂದ ಹೊಡೆದೆ. ಒಳಗೆ ಬಿಗಿದಿದ್ದದ್ದು ಬಿಟ್ಟಿತು. ಕೊಳವೆ ಹೊರಗೆ ಎಳೆದಾಗ ತುಂಬ ತುಕ್ಕಿನ ಕೆಂಪು ಜಂಗು. ಸೀಮೆಎಣ್ಣೆಯ ಅರಿವೆಯಿಂದ ತಿಕ್ಕಿ ತಿಕ್ಕಿ ಬೆಳ್ಳಗೆ ಮಾಡಿದೆ. ಗ್ರೀಸ್ ಸವರಿದೆ. ಮತ್ತೆ ಕೂರಿಸಿ, ಗಾಲಿಗೆ ನೇರ ಹಿಡಿದು ಬಿಗಿದೆ. ತಿರುವಿದೆ. ಸಪ್ಪಳವಿಲ್ಲ.

ಮಿಸ್ತ್ರಿ ಒಂದು ಮಾತು ಹೇಳಿದ. "ಒಣಗಿದ್ದರ ಸಪ್ಪಳ ಬ್ಯಾರೆ, ಬಿರುಕು ಬಿಟ್ಟಿದ್ದರ ಸಪ್ಪಳ ಬ್ಯಾರೆ. ಬಿರುಕು ಕಂಡ್ರ ಅಲ್ಲೇ ಇಳದು ನಡಕೊಂತ ಹೋಗ್ರಿ. ಇಳಿಜಾರಿನ್ಯಾಗ ಮುರದ್ರ ಹಲ್ಲು ಉಳಿಯೂದಿಲ್ಲ."

ಮರುದಿನ ಸಂಜೆ ವಸ್ತಿಯಿಂದ ಬರುವಾಗ ನಾನು ಕಟ್ಟೆಯ ಹಿಂದಿನ ದಾರಿ ಹಿಡಿದಿದ್ದೆ. ಸೈಕಲ್ ಉಸಿರೆತ್ತದೆ ಹೋಗುತ್ತಿತ್ತು. ಕಟ್ಟೆಯ ಮೇಲಿನವರಿಗೆ ನಾನು ಬಂದದ್ದೇ ಗೊತ್ತಾಗಲಿಲ್ಲ. ಕಾಕಾ ಹೇಳುತ್ತಿದ್ದ: "ತತ್ತಿ ಅರ್ಜಿ ಬರದಾಂವ ನಾನ. ಅಕಿ ಮನ್ಯಾಗ ಗಡಗಿ ತಗಸೂದ ನೋಡಬೇಕಿತ್ರೋ. ಇನ್ನೊಂದು ಬರೀತೇನಿ, ಈ ಸಲ ಹುಡುಗರ ಉಪ್ಪಿಟ್ಟಿನ ರವಾದ್ದು."

ನಾನು ಸೈಕಲ್ ಇಳಿದು, ಬಂದ ದಾರಿಯಲ್ಲೇ ತಳ್ಳಿಕೊಂಡು ಹೋದೆ. ಅತ್ತೆಗೆ ಹೇಳಲಿಲ್ಲ, ಗಂಡನಿಗೂ ಹೇಳಲಿಲ್ಲ. ಹೇಳಿದರೆ ಸಿಟ್ಟು ಅರ್ಧ ಕಡಿಮೆಯಾಗುತ್ತದೆಂದು ಗೊತ್ತಿತ್ತು. ನನಗೆ ಅದು ಪೂರ್ತಿ ಬೇಕಾಗಿತ್ತು.

ಒಂದು ತಿಂಗಳು ಕಳೆದಿರಬೇಕು. ಸೋಮವಾರ ನಾನು ಹಿಟ್ಟಿನ ಗಿರಣಿಯ ಮುಂದೆ ನಿಂತಿದ್ದಾಗ ಕಾಕಾ ಬಂದು ಸೈಕಲ್ ನಿಲ್ಲಿಸಿ ಒಳಗೆ ಹೋದ. ನಿಲ್ಲಿಸುವಾಗ ಹ್ಯಾಂಡಲ್ ಸಪ್ಪಳ ಮಾಡಿತು. ನನ್ನ ಸೈಕಲ್ಲಿನಂಥ ಕಿರ್ರ್ ಅಲ್ಲ, ಟಿಕ್ ಟಿಕ್ ಎಂಬ ಸಣ್ಣ ಸಪ್ಪಳ. ಬಗ್ಗಿ ನೋಡಿದೆ. ಹ್ಯಾಂಡಲ್ ಕೊಳವೆಗೆ ಬೆಸೆದ ಜಾಗದಲ್ಲಿ ಕೂದಲಿನಷ್ಟು ತೆಳ್ಳಗೆ ಬಿರುಕು, ಅರ್ಧ ಸುತ್ತು ಬಂದಿತ್ತು.

ಕಾಕಾ ಹಿಟ್ಟಿನ ಡಬ್ಬಿ ಹೊತ್ತು ಹೊರಗೆ ಬಂದ. ನನ್ನನ್ನು ನೋಡಿ ಹುಬ್ಬು ಏರಿಸಿದ. ನಾನು ಬಾಯಿ ತೆರೆಯಲಿಲ್ಲ.

ಮಂಗಳವಾರ ಅವನು ಸೈಕಲ್ ಮೇಲೆ ಹೋಗುವುದನ್ನು ನೋಡಿದೆ. ಬುಧವಾರವೂ ನೋಡಿದೆ. ಘಟಪ್ರಭಾದ ದಾರಿಯಲ್ಲಿರುವ ಕಾಲುವೆಯ ಇಳಿಜಾರಿನಲ್ಲಿ ಅವನು ಬೋರಲು ಬೀಳುವುದನ್ನು, ಅರ್ಜಿ ಬರೆಯುವ ಬಲಗೈ ಮುರಿಯುವುದನ್ನು ನಾನು ಮನಸ್ಸಿನಲ್ಲೇ ಎಷ್ಟು ಸಲ ನೋಡಿದೆನೋ. ಖರೆ ಹೇಳುತ್ತೇನೆ, ಆ ಮೂರು ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಗುರುವಾರ ಮುಂಜಾನೆ ಕಾಕಾ ಕಟ್ಟೆಯ ಮುಂದಿನಿಂದ ಸೈಕಲ್ ಮೇಲೆ ಹೊರಟಿದ್ದ. ಹಿಂದಿನ ಕ್ಯಾರಿಯರ್ ಮೇಲೆ ಅವನ ಹೆಂಡತಿ, ನಾವೆಲ್ಲ ಕಾಕು ಎನ್ನುವ ಹೆಂಗಸು, ಮಡಿಲಲ್ಲಿ ಚೀಲ ಇಟ್ಟುಕೊಂಡು ಕೂತಿದ್ದಳು. ಘಟಪ್ರಭಾಕ್ಕೆ ಹೋಗಿ ಬಸ್ಸು ಹಿಡಿದು ಹುಕ್ಕೇರಿಯ ಮಗಳ ಮನೆಗೆ ಹೋಗುವವರು. ನನ್ನ ಮನೆಯ ಡಬ್ಬಿಗಳನ್ನು ತೆಗೆಸಿದ ದಿನ ಸಂಜೆ ರೊಟ್ಟಿ, ಪಲ್ಯ ಕಟ್ಟಿಕೊಂಡು ಬಂದವಳು ಆ ಕಾಕು ಒಬ್ಬಳೇ. ಅತ್ತೆಯ ಪಕ್ಕ ಸುಮ್ಮನೆ ಕೂತು ಹೋಗಿದ್ದಳು. ಗಂಡನ ಕೆಲಸ ಅವಳಿಗೆ ಗೊತ್ತಿರಲಿಲ್ಲ.

ನಾನು ನನ್ನ ಸೈಕಲ್ ಅಡ್ಡ ಹಾಕಿದೆ.

"ಕಾಕಾರ, ಇಳೀರಿ. ಕಾಕು, ನೀವೂ ಇಳೀರಿ."

"ಯಾಕ, ಏನಾತು ಅಕ್ಕೋರಿಗೆ?" ಎಂದು ಕಾಕಾ ಕಟ್ಟೆಯ ಕಡೆ ನೋಡಿ ನಕ್ಕ. ಆದರೂ ಇಬ್ಬರೂ ಇಳಿದರು.

ಮುಂದಿನ ಗಾಲಿಯನ್ನು ಮೊಣಕಾಲಲ್ಲಿ ಹಿಡಿದು ಹ್ಯಾಂಡಲಿನ ಮೇಲೆ ನನ್ನ ಮೈಭಾರವೆಲ್ಲ ಹಾಕಿದೆ. ಟಕ್ಕೆಂದು ಮುರಿದು, ಬ್ರೇಕಿನ ಕಬ್ಬಿಣದ ಸಳಿಗೆ ಜೋತುಬಿತ್ತು. ಕಟ್ಟೆಯ ಮೇಲಿನ ನಗು ನಿಂತಿತು. ಕಾಕಾನ ಮುಖ ಬಿಳಚಿಕೊಂಡಿತು.

"ತತ್ತಿ ಅರ್ಜಿ ಬರದಾಂವ ನೀವು. ನಿಮ್ಮ ಬಾಯಿಂದನ ಕೇಳೇನಿ. ಈಗ ಇನ್ನೊಂದು ಬರೀರಿ, ಮೊದಲಿಂದು ಸುಳ್ಳಂತ. ಕೆಳಗ ನಿಮ್ಮ ಹೆಸರು ಹಾಕ್ರಿ."

"ಇಲ್ಲೇನು? ಈಗೇನು?"

"ಇಲ್ಲೇ. ಎಲ್ಲಾರ ಮುಂದ."

ಅವನು ಸುತ್ತ ನೋಡಿದ. ದಿನಾ ಅವನ ಜೊತೆ ನಗುತ್ತಿದ್ದವರು ಬೇರೆ ಕಡೆ ಮುಖ ತಿರುಗಿಸಿದರು. ಅವನ ಜೇಬಿನಲ್ಲಿ ಪೆನ್ನು ಯಾವಾಗಲೂ ಇರುತ್ತಿತ್ತು. ಪಕ್ಕದ ಚಹಾ ಅಂಗಡಿಯವನು ಹಾಳೆ ಕೊಟ್ಟ. ಕಾಕಾ ಕಟ್ಟೆಯ ಮೇಲೆ ಬಗ್ಗಿ ಕೂತು ಬರೆದ. ನಾನು ನಿಂತು ಪ್ರತಿ ಸಾಲು ಜೋರಾಗಿ ಓದಿಸಿದೆ. ಒಂದು ಕಡೆ 'ತಪ್ಪು ತಿಳಿವಳಿಕೆಯಿಂದ' ಎಂದು ಬರೆದಿದ್ದ, ಅದನ್ನು ಹೊಡೆದು ಹಾಕಿಸಿ 'ಹೊಟ್ಟೆಕಿಚ್ಚಿನಿಂದ' ಎಂದು ಬರೆಸಿದೆ. ಅಷ್ಟು ಸಂತೋಷ ನನಗೆ ನೌಕರಿ ಸಿಕ್ಕಾಗಲೂ ಆಗಿರಲಿಲ್ಲ.

ಹಾಳೆ ಮಡಚಿ ಕುಪ್ಪಸದೊಳಗೆ ಇಟ್ಟುಕೊಳ್ಳುವಾಗ ಕಾಕು ಹತ್ತಿರ ಬಂದಳು. ಮುರಿದ ಜಾಗವನ್ನು ಬೆರಳಿನಿಂದ ಮುಟ್ಟಿ ನೋಡಿದಳು.

"ತಂಗಿ, ಇದು ಯಾವಾಗ ಕಂಡಿತ್ತು ನಿನಗ?"

ಸುಳ್ಳು ಹೇಳಬಹುದಿತ್ತು. "ಸೋಮವಾರ" ಎಂದೆ.

ಅವಳು ಮುರಿದ ಜಾಗದಿಂದ ಬೆರಳು ತೆಗೆದಳು. ಚೀಲ ಎತ್ತಿಕೊಂಡು ಘಟಪ್ರಭಾದ ಕಡೆ ನಡೆದೇ ಹೊರಟಳು. ಕಾಕಾ ಹ್ಯಾಂಡಲ್ ಮುರಿದ ಸೈಕಲ್ಲನ್ನು ಕಟ್ಟೆಗೆ ಒರಗಿಸಿ ಅವಳ ಹಿಂದೆ ಹೋದ.

ಕಾಗದವನ್ನು ನಾನೇ ಗೋಕಾಕಕ್ಕೆ ಒಯ್ದು ಕೊಟ್ಟೆ. ಅದರ ನಕಲು ಅತ್ತೆಯ ಟ್ರಂಕಿನಲ್ಲಿದೆ, ಬಂದವರಿಗೆಲ್ಲ ತೋರಿಸುತ್ತಾಳೆ. ಕಾಕಾ ಕಟ್ಟೆಗೆ ಬರುವುದನ್ನು ಬಿಟ್ಟ. ನಾನು ಬೇಕಂತಲೇ ಅವನ ಮನೆಯ ಮುಂದಿನ ದಾರಿಯಲ್ಲೇ ಹೋಗುತ್ತೇನೆ. ಅವನು ಒಳಗೆ ಎದ್ದು ಹೋಗುವುದನ್ನು ನೋಡಿದರೆ ಇವತ್ತಿಗೂ ಖುಷಿಯಾಗುತ್ತದೆ.

ಕಾಕು ಮಾತ್ರ ಅಂಗಳ ಗುಡಿಸುತ್ತ ನನ್ನ ಕಡೆ ನೋಡುತ್ತಾಳೆ. "ಅರಾಮ ಅದೀರೇನ್ರಿ ಅಕ್ಕೋರ?" ಎನ್ನುತ್ತಾಳೆ. ಮೊದಲು ತಂಗಿ ಎನ್ನುತ್ತಿದ್ದಳು.