ಜಯಕ್ಕನ ಹಣೆಗೆ ಬಂದ ಕುಂಕುಮ

ನಮ್ಮಮ್ಮ ಸಂಪ್ರದಾಯ ಮುರಿದ ಗಟ್ಟಿಗಿತ್ತಿ ಅಂತ ಕೊಡಿಗೇಹಳ್ಳಿಯಲ್ಲಿ ಒಂದು ಕತೆ ಓಡಾಡುತ್ತಿದೆ. ದಯವಿಟ್ಟು ನಂಬಬೇಡಿ.

ಕತೆ ಇಷ್ಟು. ನನ್ನ ಅಣ್ಣನ ಮದುವೆಗೆ ಕರೆಯಲು ಹೋದ ಅಮ್ಮ, ಗಂಡನನ್ನು ಕಳೆದುಕೊಂಡ ಗೆಳತಿ ಜಯಕ್ಕನ ಹಣೆಗೆ ತಾನೇ ಬೆರಳಲ್ಲಿ ಕುಂಕುಮ ಇಟ್ಟಳು. ನಮ್ಮ ಹಳೇ ಊರಿನವರಿಗೆ ಮದುವೆ ಕರೆಯುವುದೆಂದರೆ ಕಾರ್ಡನ್ನು ವಾಟ್ಸಾಪ್ ಮಾಡುವುದಲ್ಲ. ಮನೆಮನೆಗೆ ಹೋಗಬೇಕು, ಮುತ್ತೈದೆಯರಿಗೆ ಕುಂಕುಮ ಕೊಡಬೇಕು, ಒಬ್ಬೊಬ್ಬರ ಹೆಸರು ಹಿಡಿದು ಕರೆಯಬೇಕು. ಜಯಕ್ಕನಂಥವರಿಗೆ ಕಾರ್ಡು ಮಾತ್ರ. ಕುಂಕುಮದ ಬಟ್ಟಲು ಅವರನ್ನು ದಾಟಿ ಮುಂದೆ ಹೋಗುತ್ತದೆ. (ಈ ಪದ್ಧತಿಯ ಜೊತೆ ನನ್ನ ಜಗಳ ಹಳೆಯದು. ಇವತ್ತು ಬಿಡಿ.)

ಫ್ಯಾಮಿಲಿ ಗ್ರೂಪಿನಲ್ಲಿ ಚಪ್ಪಾಳೆಯೋ ಚಪ್ಪಾಳೆ. ಚಿಕ್ಕಪ್ಪ ಅಮ್ಮನನ್ನು ‘ಬದಲಾವಣೆಯ ಹರಿಕಾರರು’ ಎಂದು ಬರೆದ. ಅವನ ಹೆಂಡತಿ ಅದಕ್ಕೆ ನಾಲ್ಕು ಹೃದಯ ಅಂಟಿಸಿದಳು.

ನಾನು ಅಲ್ಲೇ ಇದ್ದೆ. ಕಾರ್ಡಿನ ಚೀಲ ಹಿಡಿದು ಅಮ್ಮನ ಪಕ್ಕದಲ್ಲೇ ನಿಂತಿದ್ದೆ. ಕತೆ ಹೇಳುವವರು ಒಂದು ಸಾಲು ಬಿಟ್ಟುಬಿಡುತ್ತಾರೆ. ಕುಂಕುಮ ಇಟ್ಟ ಮೇಲೆ ಅಮ್ಮ ಹೇಳಿದ ಸಾಲು.

“ನೀನೊಬ್ಳೇ ಬಂದ್ರೆ ಆಗಲ್ಲ ಜಯಾ. ಮುನಿರಾಜಣ್ಣನ್ನೂ ಕರ್ಕೊಂಡ್ ಬರ್ಬೇಕು. ಅವ್ರಿಲ್ದೆ ನಮ್ಮನೆ ಚಪ್ಪರ ಏಳುತ್ತಾ?”

ಮುನಿರಾಜಣ್ಣ ಜಯಕ್ಕನ ಗಂಡ. ಹೋಗಿ ಎರಡು ವರ್ಷವಾಯಿತು. ತಿಥಿಯ ದಿನ ಅವರ ಮನೆ ಅಡುಗೆಯ ಉಸ್ತುವಾರಿ ನೋಡಿಕೊಂಡಿದ್ದೇ ನಮ್ಮಮ್ಮ.

ಜಯಕ್ಕ ಅತ್ತರು. ಜಯ ಯಾಕೆ ಅತ್ತಳು ಎಂದು ಕಾರಿನಲ್ಲಿ ಅಮ್ಮ ಕೇಳಿದಳು. ಹೇಳಿದೆ. ಸರ್ವೀಸ್ ರೋಡಿನ ಟ್ರಾಫಿಕ್ಕಿನಲ್ಲಿ ನಾವು ನಿಂತಷ್ಟು ಹೊತ್ತೂ ಬಟ್ಟಲಿನ ಮುಚ್ಚಳವನ್ನು ತಿರುಗಿಸುತ್ತಾ ಕೂತಿದ್ದಳು. ಆಮೇಲೆ, ಅದೆಲ್ಲ ತನಗೆ ಗೊತ್ತಿಲ್ಲವೇ ಎಂದಳು. ಸಂಜೆಗೆ ಹೊಗಳಿಕೆ ಶುರುವಾದಾಗ ಅದನ್ನು ಕೊಡೆಯ ಹಾಗೆ ಹಿಡಿದುಕೊಂಡಳು. ಕಾಲ ಬದಲಾಗಬೇಕಲ್ಲವಾ ಎಂದು ಬಂದವರಿಗೆಲ್ಲ ಹೇಳತೊಡಗಿದಳು. ಆ ಕೊಡೆಯ ಕೆಳಗೆ ಎಷ್ಟು ಭಯವಿದೆ ಅಂತ ಯಾರಿಗೆ ಕಾಣಬೇಕು?

ಅಮ್ಮನಿಗೆ ಐವತ್ತೊಂದು.

ಡಾಕ್ಟರ ಹತ್ತಿರ ಹೋಗೋಣ ಎಂದೆ. ಅಪ್ಪ ನಕ್ಕರು. ಅವಳ ತಲೆ ಕಂಪ್ಯೂಟರು, ಊರಿನ ಮನೆಗಳೆಲ್ಲ ಬಾಯಿಪಾಠ, ಇದಕ್ಕಿಂತ ಬ್ರೇನ್ ಎಕ್ಸರ್‌ಸೈಜ್ ಬೇಕಾ ಎಂದರು. ಚಿಕ್ಕಪ್ಪನ ಸಲಹೆ ಸುಡೋಕು. ಚಿಕ್ಕಮ್ಮನದು ನೆನೆಸಿದ ಬಾದಾಮಿ.

ಕಂಪ್ಯೂಟರನ್ನಾದರೂ ರಾತ್ರಿ ಆಫ್ ಮಾಡುತ್ತೇವಲ್ಲ? ಅಮ್ಮನನ್ನು ಯಾರು ಮಾಡಿದ್ದಾರೆ? ಮಹಡಿಯ ಬಾಡಿಗೆ ಹುಡುಗರು ಶಿಫ್ಟ್ ಮುಗಿಸಿ ಬಂದಾಗ ಗೇಟು ತೆಗೆಯುವವಳು ಅವಳು. ಕತ್ತಲಲ್ಲೇ ಎದ್ದು ಮೋಟರ್ ಹಾಕುವವಳೂ ಅವಳೇ. ಬಿಪಿ ಮಾತ್ರೆ, ತಲೆನೋವು ಬಂದ ದಿನ ಮಾತ್ರ. ಶುಗರ್ ಟೆಸ್ಟು, ಹಬ್ಬ ಕಳೆಯಲಿ. ಎಡಗಿವಿ ಮಂದವಾಗಿದೆ, ಮೆಷಿನ್ ಹಾಕಿಕೊಂಡರೆ ಮುದುಕಿ ಅಂತಾರೆ. ವಾಕಿಂಗಿಗೆ ಫುಟ್‌ಪಾತೇ ಇಲ್ಲ. ನಡುವಯಸ್ಸಿನಲ್ಲಿ ಮಿದುಳು ಕಾಯುವುದೆಂದರೆ ಇವನ್ನೇ ಕಾಯುವುದು ಅಂತ ಡಾಕ್ಟರುಗಳು ಹೇಳಿ ಹೇಳಿ ಸುಸ್ತಾಗಿದ್ದಾರೆ. ನಾವು ಎಲ್ಲವನ್ನೂ ಹಾಳುಮಾಡಿ, ಮೇಲೆ ಎರಡು ಬಾದಾಮಿ ಇಡುತ್ತೇವೆ.

ಇದು ಥೈರಾಯ್ಡ್ ಇರಬಹುದು. ಬಿ-12 ಕಮ್ಮಿಯಾಗಿರಬಹುದು. ವರ್ಷಗಟ್ಟಲೆ ಬಿಟ್ಟ ನಿದ್ದೆ ಇರಬಹುದು. ಇವಕ್ಕೆಲ್ಲ ಔಷಧ ಇದೆ, ತಡ ಮಾಡದಿದ್ದರೆ. ಇವ್ಯಾವುದೂ ಅಲ್ಲದಿದ್ದರೆ ನಮ್ಮ ಮನೆಯಲ್ಲಿ ಯಾರೂ ಹೆಸರು ಹೇಳದ ಆ ಇನ್ನೊಂದು. ಪರೀಕ್ಷೆ ಮಾಡಿಸದೆ ಹೇಗೆ ಗೊತ್ತಾಗಬೇಕು?

“ಸೊಸೆ ಮನೆಗ್ ಬರೋ ಹೊತ್ನಲ್ಲಿ ಅತ್ತೆಗೆ ತಲೆ ಸರಿಯಿಲ್ಲ ಅನ್ನಿಸ್ಕೊಬೇಕಾ?” ಅಮ್ಮ ಕೇಳಿದಳು. ಮದುವೆ ಆಗಲಿ ಎಂದರು ಅಪ್ಪ. ಆಮೇಲೆ ಮೊದಲ ಹಬ್ಬ, ಆಮೇಲೆ ಸೀಮಂತ. ನನಗೆ ನಮ್ಮ ಮನೆಯ ಕ್ಯಾಲೆಂಡರ್ ಗೊತ್ತಿಲ್ಲವೇ?

ಸಾಕ್ಷಿ ಬೇಕಿತ್ತು. ಜಯಕ್ಕನ ಮನೆಗೆ ಹೋದೆ. ಅವತ್ತು ಅಮ್ಮ ಏನೆಂದಳು ಅಂತ ಅಪ್ಪನಿಗೆ ಒಂದು ಮಾತು ಹೇಳಿ, ನಾನು ಹೇಳಿದರೆ ಡಿಬೇಟು ಅಂತಾರೆ ಎಂದೆ. ಅವರ ಹಣೆಯಲ್ಲಿ ಪುಟ್ಟ ಕುಂಕುಮವಿತ್ತು.

“ಏಳ್ಬೌದು ಮಗಾ. ಎಲ್ರ ಮನೇಲೂ ಬಟ್ಲು ನನ್ ಮುಂದಿಂದ ಅಂಗೇ ಓಯ್ತಿತ್ತು. ನಿಮ್ಮಮ್ಮ ಇಟ್ಮೇಲೆ ಈಗ ಮಿಕ್ಕೋರೂ ಇಡ್ತಾವ್ರೆ. ಅದು ಮರ್ತು ಇಟ್ಟಿದ್ದು ಅಂತ ನನ್ ಬಾಯಿಂದ್ಲೇ ಏಳುಸ್ತೀಯಾ?”

ಕಾಲೇಜಿನಲ್ಲಿ ಯಾವ ಪಕ್ಷ ಕೊಟ್ಟರೂ ವಾದಿಸುತ್ತಿದ್ದೆ. ಇಲ್ಲಿ ನನ್ನದು ಯಾವ ಪಕ್ಷ? ಒಂದು ಸುಳ್ಳು ಕತೆಯಿಂದ ಒಬ್ಬ ಹೆಂಗಸಿಗೆ ಮರ್ಯಾದೆ ಸಿಕ್ಕಿದೆ. ಅದೇ ಕತೆ ಇನ್ನೊಬ್ಬಳ ಕಾಯಿಲೆಯನ್ನು ಮುಚ್ಚಿಟ್ಟಿದೆ. ಕಾಫಿ ಕುಡಿದು ಎದ್ದು ಬಂದೆ.

ಮೊನ್ನೆ ಭಾನುವಾರ ಊಟಕ್ಕೆ ಕೂತಿದ್ದೆವು. ಚಪ್ಪರಕ್ಕೆ ಯಾರಿಗೆ ಹೇಳಿದ್ದೀಯ ಎಂದು ಅಮ್ಮನನ್ನು ಸುಮ್ಮನೆ ಕೇಳಿದೆ. ಅಮ್ಮ ಅಪ್ಪನ ಕಡೆ ತಿರುಗಿದಳು. ಗಂಗಾನಗರದ ಚಂದ್ರಣ್ಣನಿಗೆ ಎಂದರು ಅಪ್ಪ, ಮುದ್ದೆ ಮುರಿಯುತ್ತಾ. ಹೂಂ, ಚಂದ್ರಣ್ಣ ಎಂದಳು ಅಮ್ಮ.

ಧಾರೆ ಸೀರೆ ಯಾವ ಬಣ್ಣ ಆರಿಸಿದಿರಿ ಅಂದೆ. ಮತ್ತೆ ತಿರುಗಿದಳು.

“ಗಿಣಿ ಹಸಿರು. ನೇರಳೆ ಅಂಚು. ಸೆರಗಲ್ಲಿ ಮಾವಿನಕಾಯಿ ಬುಟ್ಟಾ,” ಎಂದರು ಅಪ್ಪ.

ಈ ಮನುಷ್ಯ ಹೆಂಡತಿ ಉಟ್ಟ ಸೀರೆಯ ಬಣ್ಣವನ್ನು ನನಗೆ ತಿಳಿದಂತೆ ಒಮ್ಮೆಯೂ ಗಮನಿಸಿದವರಲ್ಲ. ಸೀರೆ ಅಂಗಡಿಯಲ್ಲಿ ಹೊರಗಿನ ಬೆಂಚಿನಲ್ಲಿ ಕೂತು ಪೇಪರ್ ಓದುವವರು. ಈಗ ಬುಟ್ಟಾ ಸಮೇತ ಬಾಯಿಪಾಠ. ಅಮ್ಮ ಹೂಂ ಎಂದು, ಸಾರು ತರಲು ಒಳಗೆ ಹೋದಳು.

“ಅಪ್ಪಾ, ನಿಂಗೆ ಯಾವಾಗಿಂದ ಗೊತ್ತು?”