ಪುಟ್ಟೇನಹಳ್ಳಿಯ ಜೊಂಡಿನಲ್ಲಿ ಒಂದು ಬೆಳಗು

ಮೇ ತಿಂಗಳ ಕೊನೆಯ ಭಾನುವಾರ. ನಾನು ಆರ್.ಟಿ. ನಗರದ ಬಸ್ ಸ್ಟಾಪಿಗೆ ಬರುವಷ್ಟರಲ್ಲಿ ನಸ್ರೀನ್ ಆಗಲೇ ಬಂದು ನಿಂತಿದ್ದಳು. ನಾವಿಬ್ಬರೂ ಒಂದೇ ಶಾಲೆಯಲ್ಲಿ ಬಹಳ ವರ್ಷ ಪಾಠ ಮಾಡಿದವರು. ಅವಳದು ಗಣಿತ, ನನ್ನದು ಕನ್ನಡ. ಕಿವಿ ಮಂದವಾಗುತ್ತಾ ಬಂದು, ಮಕ್ಕಳ ಪ್ರಶ್ನೆ ಕೇಳಿಸದೆ ಅವಳು ಕೆಲಸ ಬಿಟ್ಟಿದ್ದಳು. ಈಚೆಗೆ ಮಗಳು ಹಟ ಹಿಡಿದು ಕಿವಿಗೆ ಮೆಷಿನ್ ಹಾಕಿಸಿದ್ದಳು. ಆದರೆ ಮಿಕ್ಸಿ, ಕುಕ್ಕರ್, ಬೀದಿಯ ಹಾರ್ನ್ ಎಲ್ಲವೂ ಒಟ್ಟಿಗೆ ತಲೆಯೊಳಗೆ ನುಗ್ಗಿದಂತಾಗಿ ಅದು ಬೀರು ಸೇರಿತ್ತು. ವಾಪಸ್ ಕೊಟ್ಟುಬಿಡುತ್ತೇನೆ ಎಂದು ನನಗೆ ಮೆಸೇಜ್ ಮಾಡಿದ್ದಳು. ಕೊಡುವ ಮುಂಚೆ ಒಮ್ಮೆ ಗಲಾಟೆಯಿಲ್ಲದ ಕಡೆ ಹಾಕಿ ನೋಡು ಎಂದು ನಾನೇ ಹೊರಡಿಸಿದ್ದೆ.

ಹೆಂಗಸರಿಗೆ ಬಸ್ಸು ಫ್ರೀ. ಹೆಬ್ಬಾಳದ ಫ್ಲೈಓವರ್ ದಾಟುವವರೆಗೂ ಅವಳು ಮೆಷಿನ್ನಿನ ಡಬ್ಬಿಯನ್ನು ಬ್ಯಾಗಿನಿಂದ ತೆಗೆಯಲಿಲ್ಲ. ಯಲಹಂಕದಲ್ಲಿ ಇಳಿದು ತಟ್ಟೆ ಇಡ್ಲಿ ತಿಂದು, ಆಟೊ ಹಿಡಿದು ಪುಟ್ಟೇನಹಳ್ಳಿ ಕೆರೆಗೆ ಹೋದೆವು. ಹಿಂದಿನ ಸಂಜೆ ಮಳೆ ಬಿದ್ದಿತ್ತು. ಕಾಲುದಾರಿಯ ಮಣ್ಣು ಚಪ್ಪಲಿಗೆ ಅಂಟುತ್ತಿತ್ತು. ಬೇಸಿಗೆಯಲ್ಲಿ ಬತ್ತಿ ಹೋದ ಹೊಂಡಗಳಲ್ಲಿ ಮತ್ತೆ ಮೊಣಕಾಲುದ್ದ ನೀರು, ಅದರ ಮೇಲೆ ಕೆಂಪು ಏರೋಪ್ಲೇನ್ ಚಿಟ್ಟೆಗಳು.

ಜೊಂಡು ದಟ್ಟವಾಗಿದ್ದ ಕಡೆ ನಿಂತು ಅವಳು ಮೆಷಿನ್ ಹಾಕಿಕೊಂಡಳು. ಅದೇ ಹೊತ್ತಿಗೆ ತಲೆಯ ಮೇಲೆ ವಿಮಾನವೊಂದು ಗುಡುಗಿಕೊಂಡು ಹೋಯಿತು. ಅವಳು ಮುಖ ಕಿವುಚಿ ಮೆಷಿನ್ ಕಿತ್ತು ಅಂಗೈಯಲ್ಲಿ ಹಿಡಿದಳು. ಬಂದದ್ದೆಲ್ಲ ದಂಡವಾಯಿತಲ್ಲ ಎಂದು ನನಗೆ ಬೇಜಾರಾಯಿತು.

ಸ್ವಲ್ಪ ದೂರ ನಡೆದೆವು. ನಡುಗಡ್ಡೆಯ ಮರಗಳಲ್ಲಿ ಬಣ್ಣದ ಕೊಕ್ಕರೆಗಳ ಮರಿಗಳು ತಾಯಿಯ ಕೊಕ್ಕಿಗೆ ಮುಗಿಬಿದ್ದು ಆಹಾರ ಕಸಿಯುತ್ತಿದ್ದವು. ಅವುಗಳ ಬಾಯಿ ತೆರೆದು ಮುಚ್ಚುವುದನ್ನೇ ನೋಡುತ್ತಿದ್ದ ನಸ್ರೀನ್, ಏನು ಕೂಗುತ್ತಿವೆಯೋ ಕೇಳಬೇಕು ಎಂದು ತಾನಾಗಿಯೇ ಮೆಷಿನ್ ಮತ್ತೆ ಹಾಕಿಕೊಂಡಳು. ಈ ಸಲ ತೆಗೆಯಲಿಲ್ಲ. ಕಪ್ಪೆ, ಗೀಜಗ, ನೀರಿಗೆ ಧುಮುಕಿದ ಮಿಂಚುಳ್ಳಿ, ಒಂದೊಂದು ಸದ್ದಿಗೂ ನನ್ನ ತೋಳು ಹಿಡಿದು ಯಾವುದದು ಎಂದು ಕೇಳತೊಡಗಿದಳು. ನನಗೆ ಗೊತ್ತಿದ್ದದ್ದು ಹೇಳಿದೆ, ಗೊತ್ತಿಲ್ಲದ್ದಕ್ಕೆ ಇಬ್ಬರೂ ನಕ್ಕೆವು.

ಬಿಸಿಲು ಏರುವ ಹೊತ್ತಿಗೆ ಅವಳು ದಾರಿಯಂಚಿನ ಮೋರಿಯ ಬಳಿ ತಟ್ಟನೆ ನಿಂತಳು. ಪೀಪಿ ಊದಿದಂಥ ಸಣ್ಣ ದನಿ ಎಂದಳು. ನನಗೇನೂ ಕೇಳಿಸಲಿಲ್ಲ. ವಾಕಿಂಗ್ ಬಂದಿದ್ದ ಹತ್ತಿರದ ಊರಿನವರೊಬ್ಬರು, ರಾಜಣ್ಣ ಎಂದು ಹೆಸರು, ಅವರೂ ನಿಂತು ಕಿವಿಗೊಟ್ಟು, ಏನೂ ಕೇಳಿಸದೆ, ಯಾವುದೋ ಹುಳ ಇರಬೇಕು, ಬೇಸಿಗೆಯಲ್ಲಿ ಇಂಗೇ ಕೂಗ್ತವೆ ಎಂದರು.

"ಹುಳ ಅಲ್ಲ," ಎಂದಳು ನಸ್ರೀನ್. "ಮರಿಗಳು. ಇಲ್ಲೇ ಕೆಳಗಿದಾವೆ."

ರಾಜಣ್ಣ ಬಗ್ಗಿ ಹುಲ್ಲು ಸರಿಸಿದರು. ಮೋರಿಯ ತಳದ ಕೆಸರಿನಲ್ಲಿ ಇದ್ದಿಲಿನಷ್ಟು ಕಪ್ಪಾದ ಹುಂಡುಕೋಳಿ ಮರಿಗಳು. ಗೋಡೆ ಎತ್ತರ, ಹತ್ತಲಾರವು. ಬಿಳಿ ಎದೆಯ ತಾಯಿ ಜೊಂಡಿನ ಅಂಚಿನಲ್ಲಿ ಬಾಲ ಕುಣಿಸುತ್ತಾ ಹಿಂದೆ ಮುಂದೆ ಓಡಾಡುತ್ತಿತ್ತು. ರಾಜಣ್ಣ ಪ್ಯಾಂಟು ಮಡಚಿ ಇಳಿದರು. ಅವರು ಎತ್ತಿ ಕೊಟ್ಟ ಮರಿಗಳನ್ನು ನಸ್ರೀನ್ ದುಪಟ್ಟಾದಲ್ಲಿ ಇಳಿಸಿಕೊಂಡಳು, ನಾನು ಒಂದೊಂದಾಗಿ ಜೊಂಡಿನ ಬುಡಕ್ಕೆ ಬಿಟ್ಟೆ.

ಆಯಿತು ಎಂದು ಅವರು ಮೇಲೆ ಬರಲು ಕೈ ಚಾಚಿದರು.

"ಇನ್ನೊಂದಿದೆ," ಎಂದಳು ನಸ್ರೀನ್. "ಪೈಪಿನ ಒಳಗೆ."

ಮೋರಿಗೆ ಸೇರುವ ಪೈಪಿನಲ್ಲಿ ಬರೀ ಕತ್ತಲೆ. ಅದರೊಳಗೆ ಕೈ ಹಾಕಲು ರಾಜಣ್ಣ ಹಿಂಜರಿದರು, ಹಾವಿದ್ದರೆ ಎಂಬ ಭಯ. ನಸ್ರೀನ್ ನಮ್ಮಿಬ್ಬರಿಗೂ ಸುಮ್ಮನಿರಲು ಹೇಳಿ ಅಲ್ಲೇ ಕೂತಳು. ನಾವು ಅಲುಗಾಡದೆ ಕಾದೆವು. ತಾಯಿಕೋಳಿ ಜೊಂಡಿನೊಳಗಿಂದ ಕುರ್ ಕುರ್ ಎಂದಿತು. ಪೈಪಿನ ಬಾಯಲ್ಲಿ ಒಂದು ಸಣ್ಣ ಕರಿಯ ತಲೆ ಇಣುಕಿತು. ರಾಜಣ್ಣ ಮೆಲ್ಲಗೆ ಬೊಗಸೆಯೊಡ್ಡಿದರು.

ಆಮೇಲೆ ನೋಡಿದರೆ, ತಾಯಿಯ ಹಿಂದೆ ಮರಿಗಳ ಸಾಲು ಜೊಂಡಿನೊಳಗೆ ಸರಿದು ಹೋಗುತ್ತಿತ್ತು. "ನಮಗೆ ಕೇಳಿಸಲೇ ಇಲ್ಲ ನೋಡಿ ಮೇಡಂ," ಎಂದರು ರಾಜಣ್ಣ, ಕಾಲಿನ ಕೆಸರು ಒರೆಸಿಕೊಳ್ಳುತ್ತಾ. ನಸ್ರೀನಳ ಕಣ್ಣು ತುಂಬಿತ್ತು, ಮುಖದ ತುಂಬ ನಗು.

ವಾಪಸ್ ಬರುವಾಗ ಬಸ್ಸು ತುಂಬಿತ್ತು. ಹಾರ್ನುಗಳ ನಡುವೆಯೇ ಅವಳು ಕೋಲಾರದ ತಂಗಿಗೆ ಫೋನ್ ಹಚ್ಚಿದಳು. ಫೋನಿನಲ್ಲಿ ಅವಳು ಮಾತಾಡಿದ್ದನ್ನು ನಾನು ನೋಡಿ ವರ್ಷಗಳಾಗಿದ್ದವು. ಮೋರಿಯ ಕಥೆಯನ್ನೆಲ್ಲ ತಮ್ಮ ದಖನಿ ಉರ್ದುವಿನಲ್ಲಿ ಇಡೀ ಬಸ್ಸಿಗೆ ಕೇಳುವಂತೆ ಹೇಳಿದಳು. ಜನ ತಿರುಗಿ ನೋಡಿದರು. ಮೆಲ್ಲಗೆ ಮಾತಾಡು ಎನ್ನಲು ನನಗೆ ಮನಸ್ಸಾಗಲಿಲ್ಲ. ಹೆಬ್ಬಾಳ ಕೆರೆ ಹತ್ತಿರವಾದಾಗ, ಮಾತು ನಿಲ್ಲಿಸದೆಯೇ, ನನ್ನ ಭುಜ ತಟ್ಟಿ ಕಿಟಕಿಯಾಚೆ ತೋರಿಸಿದಳು. ಸಾಲುಗಟ್ಟಿ ನಿಂತ ಕಾರುಗಳ ಮೇಲೆ ಎರಡು ಹೆಜ್ಜಾರ್ಲೆಗಳು ರೆಕ್ಕೆ ಬಡಿಯದೆ ತೇಲಿಕೊಂಡು ನೀರಿನ ಕಡೆ ಇಳಿಯುತ್ತಿದ್ದವು.