ಹನ್ನೊಂದನೇ ಸಂಪುಟದಲ್ಲಿ ಸಾಯದೇ ಉಳಿದವನು

ನಮ್ಮ ಸುರುಳಿಯಕ್ಕನ ತಲೆಯಲ್ಲಿ ಒಂದೇ ಒಂದು ಸುರುಳಿ ಇಲ್ಲ. ಕೂದಲು ಪೊರಕೆಕಡ್ಡಿಯಷ್ಟು ನೆಟ್ಟಗೆ. ಆ ಹೆಸರು ಬಂದದ್ದು ಅವಳ ಕೆಲಸದಿಂದ.

ನಮ್ಮದು ವಿಗ್ ಕಟ್ಟುವ ಕಾರ್ಯಾಗಾರ. ಮಹಡಿಯ ಮೇಲೆ ಉದ್ದನೆಯ ಒಂದು ಕೋಣೆ, ಕಿಟಕಿಯ ಪಕ್ಕದಲ್ಲಿ ಐದು ಮೇಜು, ಮೇಜಿಗೊಂದು ಮರದ ತಲೆ. ಆ ತಲೆಗೆ ಬಲೆ ಬಿಗಿದು, ಕೊಕ್ಕೆಸೂಜಿಯಿಂದ ಒಂದೊಂದೇ ಕೂದಲನ್ನು ಎಳೆದು ಗಂಟು ಹಾಕುವುದು ನಮ್ಮ ಐವರ ಕೆಲಸ. ಕಣ್ಣು ಅರೆಗಳಿಗೆ ಆಚೀಚೆ ಹೋದರೂ ಗಂಟು ತಪ್ಪುತ್ತದೆ. ಸುರುಳಿಯಕ್ಕನದು ಬೇರೆ ಕೆಲಸ. ಅವಳು ತೊಳೆದ ಕೂದಲನ್ನು ಕಡ್ಡಿಗಳಿಗೆ ಸುತ್ತಿ ಬಿಸಿ ಕಪಾಟಿನಲ್ಲಿಟ್ಟು, ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಅದರ ಮುಂದೆ ಕಾವಲು ಕೂರಬೇಕು. ಶಾಖ ಏರಿದರೆ ಇಳಿಸಬೇಕು, ಇಳಿದರೆ ಏರಿಸಬೇಕು. ಇಡೀ ಕೋಣೆಯಲ್ಲಿ ಆ ಎರಡು ಗಂಟೆ ಕೈಯೂ ಕಣ್ಣೂ ಖಾಲಿ ಇರುವವಳು ಅವಳೊಬ್ಬಳೇ. ನಮಗೋ ಖಾಲಿ ಇರುವುದು ಕಿವಿ ಮಾತ್ರ.

ಹಾಗಾಗಿ ಅವಳು ಓದುತ್ತಾಳೆ, ನಾವು ಕೇಳುತ್ತೇವೆ. ಓದುವುದೇನು ಅಂತೀರಾ? ದೆವ್ವದ ಚಿತ್ರಪುಸ್ತಕ! ಜಪಾನಿನ ಮಾಂಗಾ, ಕೊರಿಯಾದ ಮನ್ಹ್ವಾ. ಎದುರು ಬೀದಿಯ ಬಾಡಿಗೆ ಲೈಬ್ರರಿಯಿಂದ ಬುಧವಾರಕ್ಕೊಂದು ಸಂಪುಟ ಬರುತ್ತದೆ. ಚಿತ್ರಪುಸ್ತಕವನ್ನು ಕಣ್ಣಿಗೆ ಬಿಡುವಿಲ್ಲದವರಿಗೆ ಓದಿ ಹೇಳುವುದು ಹೇಗೆ ಎಂದು ಯಾರಾದರೂ ಕೇಳಿದರೆ ಸುರುಳಿಯಕ್ಕನ ಹತ್ತಿರ ಕಳಿಸಿ. "ಪುಟ ಪೂರ್ತಿ ಕಪ್ಪು. ಕೆಳಗೆ ಮೂಲೇಲಿ ಒಂದು ಕಣ್ಣು. ಈಗ ಆ ಕಣ್ಣು... ನಮ್ಮ ಕಡೆ ತಿರುಗ್ತು" ಎಂದು ಅವಳು ದನಿ ತಗ್ಗಿಸಿದರೆ, ಮುಂದಿರುವ ಮರದ ತಲೆಯೇ ಉಸಿರಾಡಿದಂತಾಗಿ ಸೂಜಿ ಹಿಡಿದ ಕೈ ಬೆವರುತ್ತದೆ. ಪುಸ್ತಕ ಇರುವುದು ಇಂಗ್ಲಿಷಿನಲ್ಲಿ. ನಮ್ಮ ಇಂಗ್ಲಿಷು ಶಾಂಪೂ ಬಾಟಲಿಯ ಲೇಬಲ್ಲಿಗೆ ಮುಗಿಯುತ್ತದೆ. ಅವಳು ಹಿಂದೆ ಟೆಲಿಫೋನ್ ಆಪರೇಟರ್ ಆಗಿದ್ದವಳು, ಓದುತ್ತಲೇ ನಮ್ಮ ಮಾತಿಗೆ ಇಳಿಸುತ್ತಾಳೆ. ಬಾಗಿಲ ಸದ್ದು, ಗಾಳಿಯ ಸದ್ದು, ದೆವ್ವ ಹಲ್ಲು ಕಡಿಯುವ ಸದ್ದು, ಎಲ್ಲವೂ ಅವಳ ಬಾಯಲ್ಲೇ.

ನಾವೇನು ಸುಮ್ಮನೆ ಕೇಳುವವರಲ್ಲ. ಸೊಂಟದವರೆಗೆ ಕೂದಲು ಇಳಿಬಿಟ್ಟ ಹೆಣ್ಣುದೆವ್ವ ಕೆರೆಯಿಂದ ಎದ್ದು ಬಂದರೆ, "ನೂರು ವರ್ಷ ನೀರಲ್ಲಿದ್ದೂ ಕೂದಲಲ್ಲಿ ಒಂದು ಸಿಕ್ಕೂ ಇಲ್ವಾ? ಏನು ಹಚ್ತಾಳಂತೆ?" ಎಂದು ವಿಚಾರಣೆ ನಡೆಯುತ್ತದೆ. ಯಜಮಾನರು ಕೈಯಲ್ಲೊಂದು ಬಾಚಣಿಗೆ ಹಿಡಿದು ಬಾಗಿಲ ಹತ್ತಿರ ನಿಂತಿರುತ್ತಾರೆ, ಕೆಲಸ ನೋಡಲು ಬಂದವರಂತೆ. ದಿನಾ ಎರಡಕ್ಕೆ ಸರಿಯಾಗಿ ಬರುತ್ತಾರೆ, ನಾಲ್ಕಕ್ಕೆ ಸರಿಯಾಗಿ ಹೋಗುತ್ತಾರೆ.

ಎಲ್ಲರಿಗಿಂತ ಹುಚ್ಚು ಹೆಚ್ಚು ನಮ್ಮ ದೊಡ್ಡಕ್ಕನಿಗೆ. ಇಪ್ಪತ್ತೆರಡು ವರ್ಷದಿಂದ ಹಣೆಯಂಚಿನ ಕೂದಲು ಕಟ್ಟುವವರು. ಅದು ಅತಿ ಸೂಕ್ಷ್ಮದ ಕೆಲಸ, ಬೇರೆಯವರಿಗೆ ಅವರು ಮುಟ್ಟಗೊಡುವುದಿಲ್ಲ. ಮಾತು ಕಡಿಮೆ, ಮುಖ ಗಂಟು. ಅಂಥ ದೊಡ್ಡಕ್ಕ ಒಬ್ಬ ಕೊರಿಯಾದ ಹುಡುಗನಿಗೆ ಮನಸ್ಸು ಕೊಟ್ಟುಬಿಟ್ಟರು.

ಅದು ಇಪ್ಪತ್ತಾರು ಸಂಪುಟಗಳ ಕಥೆ. ಹಳೆಯ ಕಟ್ಟಡವೊಂದರ ಲಿಫ್ಟು, ಆ ಕಟ್ಟಡದಲ್ಲಿ ಇಲ್ಲವೇ ಇಲ್ಲದ ಒಂದು ಮಹಡಿಯಲ್ಲಿ ನಿಂತುಬಿಡುತ್ತದೆ, ಆ ಮಹಡಿಯಲ್ಲಿ ಸತ್ತವರ ವಾಸ. ಲಿಫ್ಟು ರಿಪೇರಿ ಮಾಡುವ ಹುಡುಗಿಯೇ ನಾಯಕಿ. ಅವಳ ಜೊತೆಗಾರನೊಬ್ಬ ಇದ್ದಾನೆ. ಹೊಟ್ಟೆಬಾಕ, ಬಾಯಿಬಡುಕ, ಯಾವತ್ತೂ ತಡ. ತಲೆಗೂದಲು ನಾಲ್ಕು ದಿಕ್ಕಿಗೂ ನಿಂತಿರುತ್ತದೆ. ನಾವು ಅವನಿಗೆ ಇಟ್ಟ ಹೆಸರು ಕೆದರುತಲೆ. "ಒಂದು ಸಲ ನನ್ನ ಕೈಗೆ ಸಿಕ್ಕಲಿ, ಆ ತಲೆ ಬಾಚಿ ಕಳಿಸ್ತೀನಿ" ಎಂದು ದೊಡ್ಡಕ್ಕ ಹೇಳಿದ ದಿನ ನಮಗೆಲ್ಲ ಗೊತ್ತಾಯಿತು. ಅವನು ಅವರ ಪಾಲಿಗೆ ತಮ್ಮನಾಗಿಬಿಟ್ಟಿದ್ದ.

ಹತ್ತನೇ ಸಂಪುಟ ಮುಗಿದಾಗ ದೊಡ್ಡಕ್ಕನ ಸ್ವಂತ ತಮ್ಮ ಪರವೂರಿನಲ್ಲಿ ತೀರಿಕೊಂಡ. ದೊಡ್ಡಕ್ಕ ಎರಡು ವಾರ ಬರಲಿಲ್ಲ. ಓದು ನಿಂತಿತು, ಅವರಿಲ್ಲದೆ ಓದಲು ಯಾರಿಗೂ ಮನಸ್ಸಿರಲಿಲ್ಲ. ಬಂದ ದಿನ ಸೂಜಿ ಕೈಗೆ ತೆಗೆದುಕೊಂಡು, "ಹನ್ನೊಂದು ಬಂದಿದ್ಯಾ? ಓದು ಸುರುಳಿ. ಆ ಹುಡುಗನ ಮಾತು ಕೇಳಿದ್ರೆ ಸ್ವಲ್ಪ ಹಗುರ ಆಗುತ್ತೆ" ಅಂದರು.

ಸುರುಳಿಯಕ್ಕ ಓದತೊಡಗಿದಳು. ಮುಂದಿನ ಪುಟ ಮೊದಲೇ ನೋಡುವ ಅಭ್ಯಾಸ ಅವಳಿಗಿಲ್ಲ, ನಮ್ಮೊಂದಿಗೇ ಅವಳೂ ಹೆದರಬೇಕು. ನನ್ನದು ಕೊನೆಯ ಮೇಜು, ಕಪಾಟಿಗೆ ಅಂಟಿಕೊಂಡದ್ದು. ಕತ್ತು ಸ್ವಲ್ಪ ವಾಲಿಸಿದರೆ ಪುಟ ಕಾಣುತ್ತದೆ. ಅವಳು ಪುಟ ತಿರುಗಿಸಿದಳು, ನಾನು ಕತ್ತು ವಾಲಿಸಿದೆ. ಕೆದರುತಲೆ ಸತ್ತು ಬಿದ್ದಿದ್ದ.

ಸುರುಳಿಯಕ್ಕ ಓದು ನಿಲ್ಲಿಸಿ ಪುಟದ ಮೇಲೆ ಅಂಗೈ ಮುಚ್ಚಿದಳು. "ಏನಾಯ್ತು?" ಅಂದರು ದೊಡ್ಡಕ್ಕ, ಕಣ್ಣೆತ್ತದೆ.

"ಕಾಲು... ಕಾಲು ಉಳುಕ್ತು" ಅಂದಳು ಸುರುಳಿಯಕ್ಕ. "ಕೆದರುತಲೆಗೆ. ಕೂತ್ಕೊಂಡು ಅಮ್ಮಾ ಅಪ್ಪಾ ಅಂತಿದ್ದಾನೆ."

"ಅವನೊಬ್ಬ" ಅಂದರು ದೊಡ್ಡಕ್ಕ. ಬಂದ ಮೇಲೆ ಮೊದಲ ಸಲ ಅವರ ಮುಖ ಸಡಿಲವಾಯಿತು.

ಅಲ್ಲಿಂದ ಶುರುವಾಯಿತು ನೋಡಿ ನಮ್ಮಿಬ್ಬರ ಪಾಡು. ಹನ್ನೆರಡನೇ ಸಂಪುಟದ ಮೊದಲ ಇಪ್ಪತ್ತು ಪುಟ ಅವನ ಶವಸಂಸ್ಕಾರ. ಕಪ್ಪು ಕೋಟು ತೊಟ್ಟವರ ಸಾಲು, ಹೂವು, ಅಳು. ಸುರುಳಿಯಕ್ಕ ಒಂದು ಉಸಿರು ಎಳೆದುಕೊಂಡು, "ಮದುವೆ" ಅಂದಳು. "ಯಾರದು?" ಎಂದು ಎರಡನೇ ಮೇಜಿನಿಂದ ಪ್ರಶ್ನೆ. "ಕೆದರುತಲೆಯ ಸೋದರತ್ತೆಯದು. ಈ ವಯಸ್ಸಲ್ಲಿ!" ಅಂದಳು. ಇಪ್ಪತ್ತು ಪುಟ ಮದುವೆ ನಡೆಸಿದಳು ಮಹಾರಾಯಿತಿ. ನಾಯಕಿ ಅವನ ಫೋಟೋ ಎದೆಗೊತ್ತಿಕೊಂಡು ಅಳುವ ಪುಟ ಬಂದಾಗ, ಫೋಟೋದಲ್ಲಿ ಅವನ ಕ್ರಾಪು ನೋಡಿ ನಕ್ಕು ನಕ್ಕು ಕಣ್ಣಲ್ಲಿ ನೀರು ಅಂದಳು. ನಾನು ಕೆಮ್ಮು ಬಂದವಳಂತೆ ಮುಖ ಮುಚ್ಚಿಕೊಂಡೆ. ಆ ದಿನ ನಾನು ಕಟ್ಟಿದ್ದೆಲ್ಲ ಬಿಚ್ಚಬೇಕಾಯಿತು.

ಆಮೇಲಿನ ಸಂಪುಟಗಳಲ್ಲಿ ಅವನೆಲ್ಲಿದ್ದಾನೆ? ಒಂದು ವಾರ ಪಕ್ಕದ ಕೋಣೆಯಲ್ಲಿ. ಒಂದು ವಾರ ಶೌಚಾಲಯದಲ್ಲಿ. ಕೊನೆಗೆ ಅತ್ತೆಯ ಊರಿಗೆ ಹೋಗಿ ಬೇಕರಿ ಇಟ್ಟ. ಅಲ್ಲಿಂದ ಕಾಗದ ಬರೆಯುತ್ತಿದ್ದ. ಸುರುಳಿಯಕ್ಕ ನಿಜವಾದ ಕಥೆ ಓದುತ್ತಾ ಮಧ್ಯೆ ಮಧ್ಯೆ ಆ ಕಾಗದಗಳನ್ನು ಸೇರಿಸುತ್ತಿದ್ದಳು. ಅವನು ಕ್ಷೌರದಂಗಡಿಯಿಂದ ಅರ್ಧ ತಲೆ ಕತ್ತರಿಸಿಕೊಂಡು ಓಡಿಬಂದ ಕಾಗದಕ್ಕೆ ಯಜಮಾನರು ಬಾಗಿಲಿಗೆ ಆತು ಹೊಟ್ಟೆ ಹಿಡಿದುಕೊಂಡು ನಕ್ಕರು.

ಇಷ್ಟೇ ಆಗಿದ್ದರೆ ತಮಾಷೆ. ಆದರೆ ಒಂದು ದಿನ ಊಟದ ಹೊತ್ತಿನಲ್ಲಿ ದೊಡ್ಡಕ್ಕ ತಾವಾಗಿಯೇ ಹೇಳಿದರು. ತಮ್ಮ ಆಸ್ಪತ್ರೆಯಲ್ಲಿದ್ದಾಗ ಅವನ ಹೆಂಡತಿ ಫೋನಿನಲ್ಲಿ ದಿನಾ, "ಆರಾಮಾಗಿದ್ದಾರೆ, ನೀವು ಗಾಬರಿಯಾಗ್ಬೇಡಿ, ನಿಧಾನವಾಗಿ ಬನ್ನಿ" ಅನ್ನುತ್ತಿದ್ದಳಂತೆ. ಇವರು ನಂಬಿ ಕೈಯಲ್ಲಿದ್ದ ಕೆಲಸ ಮುಗಿಸಿ ಹೋದರೆ, ಅಲ್ಲಿ ಹೊಸ ಹಾಸಿಗೆ ಬಟ್ಟೆ ಹಾಸಿದ ಖಾಲಿ ಮಂಚ. "ನೋವಾಗ್ಬಾರದು ಅಂತ ಸುಳ್ಳು ಹೇಳಿದ್ಲಂತೆ. ಅವಳ ಮುಖ ಇನ್ನು ನಾನು ನೋಡಲ್ಲ" ಅಂದರು. ಸುರುಳಿಯಕ್ಕನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಇದೇ ಸುಳ್ಳನ್ನು ಅವಳೂ ವಾರಗಟ್ಟಲೆ ಹೇಳುತ್ತಾ ಬಂದಿದ್ದಳು. ಗೊತ್ತಾದರೆ ದೊಡ್ಡಕ್ಕ ಅವಳ ಮುಖವನ್ನೂ ನೋಡುವುದಿಲ್ಲ. ಅಂದಿನಿಂದ ನಮ್ಮಿಬ್ಬರಿಗೂ ಬುಧವಾರ ಬರುವುದೇ ಬೇಡವಾಯಿತು.

ಹತ್ತೊಂಬತ್ತನೇ ಸಂಪುಟ ಬಂತು. ಲಿಫ್ಟಿನ ಬಾಗಿಲು ತೆರೆಯುತ್ತಿದೆ, ಒಳಗೆ ಯಾರೋ ನಿಂತಿದ್ದಾರೆ ಎಂದು ದನಿ ತಗ್ಗಿಸಿ ಪುಟ ತಿರುಗಿಸಿದ ಸುರುಳಿಯಕ್ಕ ಕುರ್ಚಿಯಿಂದ ಎರಡಡಿ ಹಾರಿ ಕಿರುಚಿದಳು. ಎಲ್ಲರೂ ಬೆಚ್ಚಿದರು. "ಕಪಾಟು ಸುಟ್ತು! ಕೈ!" ಎಂದು ಪುಸ್ತಕ ಮುಚ್ಚಿ, ನನ್ನ ತೋಳು ಹಿಡಿದು ಕೂದಲು ತೊಳೆಯುವ ಕೋಣೆಗೆ ಎಳೆದುಕೊಂಡು ಹೋದಳು.

"ಬಂದ ಕಣೇ! ಕೆದರುತಲೆ ವಾಪಸ್ ಬಂದ! ಸತ್ತವರ ಮಹಡಿಯಿಂದ ಇಳಿದು ಬಂದ!" ತೊಟ್ಟಿಯ ಪಕ್ಕದಲ್ಲಿ ಒದ್ದೆ ನೆಲದ ಮೇಲೆ ನಾವಿಬ್ಬರೂ ಕೈ ಹಿಡಿದು ಕುಣಿದೆವು. ನಲವತ್ತೈದು ದಾಟಿದ ಹೆಂಗಸರು, ಮೈತುಂಬ ನೊರೆ. ಕುಣಿಯುತ್ತಾ ಕುಣಿಯುತ್ತಾ ಅವಳು ಗಕ್ಕನೆ ನಿಂತಳು.

"ಅವ್ನು ಸತ್ತೇ ಇಲ್ವಲ್ಲ!" ಅಂದಳು. "ಬೇಕರೀಲಿದ್ದಾನೆ! ಸಾಯದವನು ಎದ್ದು ಬರೋದು ಹೇಗೆ? ಪುಟ ಪೂರ್ತಿ ಎಲ್ಲರೂ ಅವನನ್ನ ತಬ್ಬಿಕೊಂಡು, ನೀನು ಸತ್ತಿದ್ಯಲ್ಲ, ನೀನು ಸತ್ತಿದ್ಯಲ್ಲ ಅಂತ ಅಳ್ತಿದ್ದಾರೆ. ಈಗೇನೇ ಮಾಡೋದು?"

"ಸಾಯಿಸಿಬಿಡು ಅಕ್ಕಾ" ಅಂದೆ. "ನಾಳೆ ಮಧ್ಯಾಹ್ನ. ಬೇಗ ಮುಗಿಸು, ನಾಡಿದ್ದು ಎಬ್ಬಿಸೋಣ."

ಮರುದಿನ ಅವಳು ಕಟುಕನ ಮುಖ ಹೊತ್ತು ಕಪಾಟಿನ ಮುಂದೆ ಕೂತಳು. "ಬೇಕರಿಯ ಒಲೆ ಸಿಡೀತು. ಗೋಡೆ ಎಲ್ಲ ಉರುಳಿ ಬಿತ್ತು" ಎಂದು ಶುರು ಮಾಡಿದಳು.

"ಅವ್ನು ಹಿಟ್ಟು ತರೋಕೆ ಹೋಗಿದ್ನಲ್ಲ, ನಿನ್ನೆ ಕಾಗದದಲ್ಲಿ ಬರೆದಿದ್ದ" ಅಂದರು ಯಜಮಾನರು ಬಾಗಿಲಿನಿಂದ. "ಅಬ್ಬಾ, ಬಚಾವ್!"

ಸುರುಳಿಯಕ್ಕ ಹಲ್ಲು ಕಚ್ಚಿದಳು. "ಹಿಟ್ಟು ತರ್ತಾ ಸೇತುವೆಯಿಂದ ಹೊಳೆಗೆ ಬಿದ್ದ."

"ಅವನಿಗೆ ಈಜು ಬರುತ್ತೆ! ಐದನೇ ಭಾಗದಲ್ಲಿ ಈಜಿದ್ದ" ಎಂದು ಎರಡನೇ ಮೇಜು ಮತ್ತು ಮೂರನೇ ಮೇಜು ಒಟ್ಟಿಗೆ ಕೂಗಿದವು. ಕೋಣೆಯಲ್ಲಿ ಚಪ್ಪಾಳೆ ಬಿತ್ತು. ಅವಳು ಅವನ ಮೇಲೆ ಲಾರಿ ಹರಿಸಲು ನೋಡಿದಳು, ಯಾರೋ ಲಾರಿಯ ಬ್ರೇಕು ಹಿಡಿಸಿದರು. ವಿಷಪೂರಿತ ಅಣಬೆ ತಿನ್ನಿಸಲು ಹೋದಳು, ಅವನಿಗೆ ಅಣಬೆ ಸೇರುವುದಿಲ್ಲ ಎಂಬುದನ್ನು ನಾಲ್ಕನೇ ಮೇಜಿನವಳು ಸಾಕ್ಷಿ ಸಮೇತ ಸಾಬೀತು ಮಾಡಿದಳು. ಒಂದೇ ಮಧ್ಯಾಹ್ನ ನಾಲ್ಕು ಸಲ ಸಾವಿನ ಬಾಯಿಗೆ ಹೋಗಿ ಬಂದ ಪುಣ್ಯಾತ್ಮ. ನನಗೆ ನಗು ತಡೆಯಲಾಗದೆ ಪಕ್ಕೆ ನೋಯುತ್ತಿತ್ತು.

ಆಗ ದೊಡ್ಡಕ್ಕ, "ಪಾಪ, ಇಷ್ಟೆಲ್ಲ ಆಗಿ ಅವ್ನು ಊಟ ಮಾಡಿದ್ನಾ ಸುರುಳಿ?" ಎಂದು ಕೇಳಿದರು.

ಸುರುಳಿಯಕ್ಕ ಪುಸ್ತಕವನ್ನು ಮಡಿಲಲ್ಲಿಟ್ಟಳು. "ಇಲ್ಲ ದೊಡ್ಡಕ್ಕ. ಅವ್ನು ಹನ್ನೊಂದನೇ ಭಾಗದಲ್ಲೇ ಸತ್ತ. ಕಾಲು ಉಳುಕಲಿಲ್ಲ. ಬೇಕರಿ ಇಲ್ಲ, ಕಾಗದ ಇಲ್ಲ, ಎಲ್ಲ ನಾನೇ ಹೇಳಿದ ಸುಳ್ಳು. ಆವತ್ತು ನಿಮ್ಮ ಮುಖ ನೋಡಿ ನನಗೆ ಹೇಳೋಕಾಗ್ಲಿಲ್ಲ."

ನಗು ಅಲ್ಲಿಗೇ ನಿಂತಿತು. ದೊಡ್ಡಕ್ಕ ಸೂಜಿಯನ್ನು ಬಲೆಗೆ ಚುಚ್ಚಿಟ್ಟರು. "ನೀನೂ ನನ್ನ ತಮ್ಮನ ಹೆಂಡ್ತಿ ಹಾಗೇ" ಅಂದರು. ಸುರುಳಿಯಕ್ಕ ಬಿಕ್ಕಿದಳು. ನನಗೂ ಅಳು ಬಂತು, ಪುಟ ಕಂಡೂ ಬಾಯಿಗೆ ಬೀಗ ಹಾಕಿಕೊಂಡವಳು ನಾನು. ದೊಡ್ಡಕ್ಕ ಎದ್ದು ಹೋಗುತ್ತಾರೆ, ಇನ್ನು ಈ ಕೋಣೆಯಲ್ಲಿ ಓದು ಮುಗಿಯಿತು ಅಂದುಕೊಂಡೆ.

ಅವರು ಎದ್ದರು. ತಮ್ಮ ಕುರ್ಚಿಯನ್ನು ಎಳೆದು ತಂದು ಸುರುಳಿಯಕ್ಕನ ಪಕ್ಕಕ್ಕೆ ಹಾಕಿ ಕೂತರು. "ಹನ್ನೊಂದು ತಾ. ಇವತ್ತೇ, ಈಗಲೇ. ಒಂದು ಮಾತೂ ಬದಲಾಯಿಸದೆ ಓದು."

ಸುರುಳಿಯಕ್ಕ ಏಪ್ರನ್ನಿನಲ್ಲೇ ಮೆಟ್ಟಿಲಿಳಿದು ಲೈಬ್ರರಿಗೆ ಓಡಿದಳು. ಯಜಮಾನರು ತಾವೇ ಕಪಾಟಿನ ಕಾವಲಿಗೆ ಕೂತರು. ಅವಳು ಏದುಸಿರು ಬಿಡುತ್ತಾ ಬಂದು ಓದಿದಳು. ದೊಡ್ಡಕ್ಕ ಮೊದಲ ಬಾರಿಗೆ ಚಿತ್ರಗಳನ್ನು ನೋಡಿದರು. ಲಿಫ್ಟಿನ ಹಗ್ಗ ಹರಿಯುತ್ತಿದೆ. ಕೆದರುತಲೆ ಎರಡೂ ಕೈಯಲ್ಲಿ ಅದನ್ನು ಹಿಡಿದು, ಉಳಿದವರನ್ನು ಇಳಿಸುತ್ತಿದ್ದಾನೆ. "ನೀವು ಹೋಗ್ತಿರಿ, ನಾನು ಮುಂದಿನ ಲಿಫ್ಟಿಗೆ ಬರ್ತೀನಿ" ಅನ್ನುತ್ತಾನೆ. ನಂತರದ ಪುಟದಲ್ಲಿ ಅವನು ಕಣ್ಣು ಮುಚ್ಚಿ ಮಲಗಿದ್ದಾನೆ.

ದೊಡ್ಡಕ್ಕ ಆ ಪುಟವನ್ನು ತಿರುಗಿಸಗೊಡಲಿಲ್ಲ. ಚಿತ್ರದ ಕೂದಲನ್ನು ಬೆರಳ ತುದಿಯಿಂದ ಹಿಂದಕ್ಕೆ ನೇವರಿಸಿದರು, ಮತ್ತೆ ಮತ್ತೆ. ದನಿ ತೆಗೆದು ಅತ್ತರು. ತಮ್ಮ ಹೋದಾಗಲೂ ಅವರು ನಮ್ಮೆದುರು ಹೀಗೆ ಅತ್ತಿರಲಿಲ್ಲ. "ಈ ಸಲ ನಾನು ಪಕ್ಕದಲ್ಲೇ ಇದ್ದೆ" ಅಂದರು.

ಬಹಳ ಹೊತ್ತಾದ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, "ಆ ಮದುವೆ?" ಎಂದು ಕೇಳಿದರು. "ಮದುವೆ ಅಲ್ಲ, ದೊಡ್ಡಕ್ಕ" ಅಂದಳು ಇವಳು, ತಲೆ ತಗ್ಗಿಸಿ. ಎರಡನೇ ಮೇಜಿನವಳು ಅಳುತ್ತಲೇ ಕಿಸಕ್ಕೆಂದಳು.

"ಇನ್ಮೇಲೆ ನನ್ನ ಹತ್ರ ಸುಳ್ಳು ಹೇಳ್ಬೇಡ, ಸುರುಳಿ."

"ಆಣೆ ಮಾಡ್ತೀನಿ, ಹೇಳಲ್ಲ."

"ಸರಿ" ಎಂದು ನಿಟ್ಟುಸಿರು ಬಿಟ್ಟು ದೊಡ್ಡಕ್ಕ ಪುಸ್ತಕ ಮುಚ್ಚಿದರು. "ಹೋದವನು ಹೋದ. ಇನ್ನು ಅವ್ನು ಬರಲ್ಲ, ಅಷ್ಟೇ ತಾನೆ?"

ಸುರುಳಿಯಕ್ಕ ನನ್ನತ್ತ ನೋಡಿದಳು. ನಾನು ಅವಳತ್ತ ನೋಡಬಾರದಿತ್ತು, ನೋಡಿಬಿಟ್ಟೆ. ಆಣೆ ಮಾಡಿ ಇನ್ನೂ ಬಾಯಿ ಮುಚ್ಚಿಲ್ಲ, ಆಗಲೇ ಈ ಪ್ರಶ್ನೆ. ಅವಳ ಕೆನ್ನೆ ಉಬ್ಬಿತು, ಕಿವಿ ಕೆಂಪಾಯಿತು, ತುಟಿ ಎಷ್ಟು ಬಿಗಿದರೂ ಮೂಲೆಯಿಂದ ನಗು ತೂರಿ ಬರುತ್ತಿತ್ತು. ನಾನು ಮೇಜಿನ ಮೇಲಿದ್ದ ಕೂದಲಿನ ಕಟ್ಟನ್ನೇ ಬಾಯಿಗೆ ಒತ್ತಿಕೊಂಡೆ. ನನ್ನ ಭುಜ ಕುಲುಕುತ್ತಿತ್ತು.

ದೊಡ್ಡಕ್ಕ ಒಮ್ಮೆ ಅವಳನ್ನು ನೋಡಿದರು, ಒಮ್ಮೆ ನನ್ನನ್ನು. ಅತ್ತು ಊದಿದ ಅವರ ಮುಖ ನಿಧಾನವಾಗಿ, ಅಂಚಿನಿಂದ ಅಂಚಿಗೆ, ಅರಳಿತು.

"ಲೇ" ಅಂದರು. "ಬಾಯಿ ಬಿಟ್ರೆ ನಾಲಿಗೆಗೆ ಗಂಟು ಹಾಕ್ತೀನಿ. ಹನ್ನೆರಡು ತಾ."